ನಕ್ಷೆಯ ನಿರೂಪಕ ಯಾರು?

ಕಥೆಯೊಂದು ಕೈಗೆ ಬಂದಾಗ ಅದನ್ನು ಹೇಳುತ್ತಿರುವವರು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂದು ವಿಮರ್ಶಕರು ಮೊದಲು ಕೇಳುತ್ತಾರೆ. ನಕ್ಷೆಯೊಂದು ಕೈಗೆ ಬಂದಾಗ ಈ ಪ್ರಶ್ನೆ ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಗೋಡೆಯ ಮೇಲಿದ್ದರೂ ಮೊಬೈಲ್ ಪರದೆಯ ಮೇಲಿದ್ದರೂ ಅದು ನೆಲದ ಪಡಿಯಚ್ಚು ಎಂದೇ ನಂಬುತ್ತೇವೆ. ಮನೆ, ಹೊಲ, ಕೆರೆ, ಮಸೀದಿ, ಕಬರಸ್ತಾನಗಳ ಲೆಕ್ಕವೆಲ್ಲ ಜಿಐಎಸ್ ಎಂಬ ಭೌಗೋಳಿಕ ಮಾಹಿತಿ ವ್ಯವಸ್ಥೆಯೊಳಗೆ ಸೇರುತ್ತಿರುವ ಈ ಹೊತ್ತಿನಲ್ಲಿ ಆ ನಂಬಿಕೆಯನ್ನು ಒಮ್ಮೆ ಒರೆಗೆ ಹಚ್ಚಬೇಕಾಗಿದೆ.

ಮೂಲ ತೊಡಕು ಸರಳವಾದದ್ದು. ಭೂಮಿ ಗುಂಡಗಿದೆ, ಕಾಗದ ಚಪ್ಪಟೆಯಾಗಿದೆ. ತಲೆಗೆ ಸರಿಯಾಗಿ ಕೂರುವ ಟೋಪಿಯನ್ನು ಮೇಜಿನ ಮೇಲೆ ಹರಡಲು ಹೋದರೆ ಒಂದೋ ಸುಕ್ಕುಗಟ್ಟುತ್ತದೆ, ಇಲ್ಲವೇ ಹೊಲಿಗೆ ಬಿಚ್ಚಬೇಕಾಗುತ್ತದೆ. ಭೂಮಿಯನ್ನು ಹೀಗೆ ಹರಡುವ ಗಣಿತದ ವಿಧಾನಕ್ಕೆ ಪ್ರಕ್ಷೇಪ ಎನ್ನುತ್ತಾರೆ. ಕೋನಗಳನ್ನು ಉಳಿಸಿದರೆ ವಿಸ್ತೀರ್ಣ ಕೆಡುತ್ತದೆ, ವಿಸ್ತೀರ್ಣವನ್ನು ಉಳಿಸಿದರೆ ಆಕಾರ ಕೆಡುತ್ತದೆ. 1569ರಲ್ಲಿ ಮರ್ಕೇಟರ್ ರಚಿಸಿದ ಭೂಪಟ ನಾವಿಕರಿಗೆ ಬೇಕಾದ ಕೋನಗಳನ್ನು ಉಳಿಸಿಕೊಂಡಿತು. ಅದರಲ್ಲಿ ಆಫ್ರಿಕಾದ ಹದಿನಾಲ್ಕನೇ ಒಂದು ಪಾಲಿನಷ್ಟಿರುವ ಗ್ರೀನ್‌ಲ್ಯಾಂಡ್ ಆಫ್ರಿಕಾಕ್ಕೆ ಸರಿಸಮನಾಗಿ ಕಾಣುತ್ತದೆ.

ನಮ್ಮ ಓದುಗರಿಗೆ ಕಿಬ್ಲಾದ ಉದಾಹರಣೆ ಇನ್ನೂ ಹತ್ತಿರದ್ದು. ಮರ್ಕೇಟರ್ ಭೂಪಟದ ಮೇಲೆ ಸ್ಕೇಲಿಟ್ಟು ಬೆಂಗಳೂರಿನಿಂದ ಮಕ್ಕಾಕ್ಕೆ ಗೆರೆ ಎಳೆದರೆ ಅದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ವಾಲುತ್ತದೆ. ಗುಂಡಗಿನ ಭೂಮಿಯ ಮೇಲಿನ ಅತಿ ಹತ್ತಿರದ ದಾರಿಯನ್ನು ಹಿಡಿದರೆ ವಾಲುವುದು 18 ಡಿಗ್ರಿಗೂ ಹೆಚ್ಚು. ದೂರದವರಿಗೆ ದಿಕ್ಕು ಸಾಕು ಎಂಬುದು ಬಹುಪಾಲು ಉಲೇಮಾಗಳ ಅಭಿಪ್ರಾಯವಾದ್ದರಿಂದ ಇದಕ್ಕಾಗಿ ಯಾವ ಮಸೀದಿಯಲ್ಲೂ ಜಗಳ ಬೇಕಿಲ್ಲ. ಆದರೆ ಗೆರೆ ಎಳೆಯುವ ಮುನ್ನ ಲೆಕ್ಕದ ಬುಡ ನೋಡಬೇಕೆಂಬ ಎಚ್ಚರ ನಮ್ಮ ಪರಂಪರೆಗೆ ಹೊಸದಲ್ಲ. ಅಲ್‌ಬಿರೂನಿ ಸ್ಥಳಗಳ ಅಕ್ಷಾಂಶ-ರೇಖಾಂಶ ನಿರ್ಣಯದ ಬಗ್ಗೆ 1025ರಲ್ಲಿ ಬರೆದು ಮುಗಿಸಿದ ಗ್ರಂಥದ ಒಂದು ಮುಖ್ಯ ಉದ್ದೇಶವೇ ಗಜನಿಯ ಕಿಬ್ಲಾವನ್ನು ಕಂಡುಹಿಡಿಯುವುದಾಗಿತ್ತು.

ಇನ್ನು ನಮ್ಮ ಊರಿನ ನಕ್ಷೆಗಳತ್ತ ಬರೋಣ. ಬೆಂಗಳೂರು ಪೇಟೆಯ ಪ್ರಸಿದ್ಧ ಹಳೆಯ ನಕ್ಷೆಗಳಲ್ಲೊಂದು 1791ರ ಮಾರ್ಚ್‌ನದು. ಕಾರ್ನ್‌ವಾಲಿಸನ ಸೇನೆ ಟಿಪ್ಪು ಸುಲ್ತಾನನಿಂದ ಪೇಟೆಯನ್ನೂ ಕೋಟೆಯನ್ನೂ ಕಸಿದುಕೊಂಡಾಗ ಕ್ಲಾಡ್ ಮಾರ್ಟಿನ್ ತಯಾರಿಸಿದ್ದು. ದಾಳಿ ಎಲ್ಲಿಂದ ನಡೆಯಿತು ಎಂದು ತೋರಿಸುವುದು ಅದರ ಕೆಲಸ. ಅದರ ನಿರೂಪಕ ಫಿರಂಗಿಯ ಹಿಂದೆ ನಿಂತವನು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಆಧಾರರೇಖೆಯೊಂದನ್ನು ಅಳೆದ. 1802ರಲ್ಲಿ ಮದರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೆಗೆ ಇದು ಪೀಠಿಕೆ. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಆ ಸರ್ವೆಯ ಅಳತೆಗಳಿಂದ 1830ರಲ್ಲಿ ಭೂಮಿಯ ಆಕಾರದ ಲೆಕ್ಕವೊಂದನ್ನು ಕೊಟ್ಟ. ಭಾರತದ ಸರ್ವೇಕ್ಷಣಾ ಇಲಾಖೆಯ ಹಳೆಯ ನಕ್ಷೆಗಳೆಲ್ಲ ಈ ಲೆಕ್ಕದ ಮೇಲೆ, ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲಬಿಂದುವಾಗಿಟ್ಟುಕೊಂಡು ನಿಂತಿವೆ.

ಇಂದಿನ ಮೊಬೈಲಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಲೆಕ್ಕವನ್ನು. ಎವರೆಸ್ಟನದು ಭಾರತಕ್ಕೆ ಹೊಂದುವಂತೆ ಹೊಲಿದ ಅಂಗಿಯಾದರೆ ಇದು ಇಡೀ ಭೂಮಿಗೆ ಹೊಂದುವಂಥದು. ಇಂಥ ಬುನಾದಿ ಲೆಕ್ಕಕ್ಕೆ ಡೇಟಮ್ ಎಂದು ಹೆಸರು. ಡೇಟಮ್ ಬದಲಾದರೆ ಅದೇ ಅಕ್ಷಾಂಶ-ರೇಖಾಂಶದ ಅಂಕಿಗಳು ನೆಲದ ಮೇಲೆ ಬೇರೆ ಜಾಗವನ್ನು ತೋರಿಸುತ್ತವೆ. ಬೆಂಗಳೂರಿನಲ್ಲಿ ಈ ಅಂತರ ನೂರು ಮೀಟರಿಗೂ ಹೆಚ್ಚು. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕರ ನಕ್ಷೆಗಳನ್ನು ಡಬ್ಲ್ಯುಜಿಎಸ್-84 ಮತ್ತು ಯುಟಿಎಂ ಪ್ರಕ್ಷೇಪಕ್ಕೆ ಬದಲಿಸಿತು. ಹಳೆಯ ಹಾಳೆಗಳೇನೂ ಅದರಿಂದ ಮಾಯವಾಗಲಿಲ್ಲ. ಯುಟಿಎಂ ಕೂಡ ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಕತ್ತರಿಸುತ್ತದೆ. ಬೆಂಗಳೂರು 43ನೇ ಪಟ್ಟಿಯ ಪೂರ್ವದ ಅಂಚಿನಲ್ಲಿದ್ದರೆ ಪಕ್ಕದ ಕೋಲಾರ 44ನೇ ಪಟ್ಟಿಗೆ ಸೇರಿದೆ. ಪಟ್ಟಿ ಯಾವುದೆಂದು ಹೇಳದೆ ಅಂಕಿ ಕೊಟ್ಟರೆ ಜಾಗ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಚಿಕ್ಕಪೇಟೆಯ ಮಗ್ಗುಲಿನ ಮಾಮೂಲ್‌ಪೇಟೆಗೆ ಅನ್ವಯಿಸಿ ನೋಡಿದರೆ ತೊಡಕಿನ ಗಾತ್ರ ತಿಳಿಯುತ್ತದೆ. ಅಲ್ಲಿ ಎರಡು ಅಂಗಡಿಗಳ ನಡುವೆ ಒಂದು ಗೋಡೆಯಷ್ಟೇ ಅಂತರ. ಮಾಮೂಲ್ ಎಂದರೆ ವಾಡಿಕೆ. ಅರಬ್ಬಿಯಿಂದ ಪಾರಸಿ, ಉರ್ದುಗಳ ದಾರಿ ಹಿಡಿದು ಕನ್ನಡಕ್ಕೆ ಬಂದ ಮಾತು. ಅಲ್ಲಿಯ ಗಡಿಗಳೂ ಬಹುಮಟ್ಟಿಗೆ ವಾಡಿಕೆಯವೇ. ಪರದೆಯ ಮೇಲೆ ಬರೀ 12.97, 77.58 ಎಂದು ಬರೆದರೆ ಸುತ್ತಲಿನ ಪೇಟೆಯ ದೊಡ್ಡ ಪಾಲು ಅದರೊಳಗೆ ಬರುತ್ತದೆ. ದಶಮಾಂಶದ ನಾಲ್ಕನೇ ಸ್ಥಾನಕ್ಕೆ ಹೋದರೂ ಒಂದಂಕಿಯ ವ್ಯತ್ಯಾಸ ಎಂದರೆ 11 ಮೀಟರ್, ಅಂದರೆ ಹಲವು ಅಂಗಡಿಗಳು. ಬಯಲಿನಲ್ಲೇ ಕೆಲವು ಮೀಟರ್ ತಪ್ಪುವ ಮೊಬೈಲ್ ಜಿಪಿಎಸ್ ಇಕ್ಕಟ್ಟಾದ ಗಲ್ಲಿಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಇನ್ನೂ ತಪ್ಪುತ್ತದೆ. ಪ್ರಕ್ಷೇಪದ ಪಾಲು ಬೇರೆ. ಮೊಬೈಲ್ ನಕ್ಷೆಗಳಲ್ಲಿ ರೂಢಿಯಲ್ಲಿರುವ ಮರ್ಕೇಟರ್ ಚೌಕಟ್ಟಿನಲ್ಲಿ ತಿದ್ದುಪಡಿ ಮಾಡದೆ ಅಳೆದರೆ ಬೆಂಗಳೂರಿನ 1200 ಚದರಡಿಯ ನಿವೇಶನ 1260ನ್ನು ದಾಟುತ್ತದೆ. ತಂತ್ರಾಂಶ ಬಲ್ಲವರು ಇದನ್ನು ತಿದ್ದುತ್ತಾರೆ. ಆದರೆ ತಿದ್ದಲಾಗಿದೆಯೋ ಇಲ್ಲವೋ ಎಂದು ಚಿತ್ರ ನೋಡಿ ಹೇಳಲಾಗದು.

ಹಳೆಯ ಕ್ರಯಪತ್ರ, ವಕ್ಫ್‌ನಾಮೆಗಳಲ್ಲಿ ಅಕ್ಷಾಂಶ-ರೇಖಾಂಶ ಇರುವುದಿಲ್ಲ, ಚೆಕ್ಕುಬಂದಿ ಇರುತ್ತದೆ. ಉರ್ದು ದಸ್ತಾವೇಜಿನಲ್ಲಿ ಇದೇ ಹುದೂದೆ ಅರ್ಬಾ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಗಲ್ಲಿ ಎನ್ನುವ ಈ ಭಾಷೆಯಲ್ಲಿ ಜಾಗವನ್ನು ಗುರುತಿಸುವುದು ನೆರೆಯವರ ಮೂಲಕ. ಹಳ್ಳಿಯ ಸರ್ವೆ ದಾಖಲೆಗಳು 33 ಅಡಿಯ ಸರಪಳಿಯಲ್ಲಿ ಅಳೆದವು. 2025ರ ಜೂನ್ 6ರಂದು ಕೇಂದ್ರ ಸರಕಾರ ಆರಂಭಿಸಿದ ಉಮೀದ್ ಪೋರ್ಟಲ್ ವಕ್ಫ್ ಆಸ್ತಿಗಳ ವಿವರದ ಜತೆಗೆ ಜಿಯೋಟ್ಯಾಗಿಂಗ್ ಅನ್ನೂ ಕೇಳಿತು. ನೆರೆಯವರನ್ನು ಸಾಕ್ಷಿಯಾಗಿಟ್ಟುಕೊಂಡ ದಾಖಲೆಯನ್ನು ಬಿಂದುವಾಗಿ ಅನುವಾದಿಸುವ ಕೆಲಸ ಅದು. ಮೂಲದಲ್ಲಿಲ್ಲದ ಖಚಿತತೆಯನ್ನು ಅನುವಾದದಲ್ಲಿ ಸೇರಿಸಿದರೆ ವಿಮರ್ಶಕರು ಆಕ್ಷೇಪಿಸುತ್ತಾರೆ. ಇಲ್ಲಿಯೂ ಆಕ್ಷೇಪಕ್ಕೆ ಜಾಗವಿದೆ.

ಹಾಗೆಂದು ತಂತ್ರಜ್ಞಾನವನ್ನೇ ಬೇಡವೆನ್ನುವುದು ಜಾಣತನವಲ್ಲ. ರಾಜ್ಯದ ದೂರಸಂವೇದಿ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್‌ನಲ್ಲಿ, ನಿಂತ ಜಾಗದ ಸರ್ವೆ ನಂಬರನ್ನು ಯಾರಾದರೂ ನೋಡಬಹುದು. ಮಧ್ಯವರ್ತಿಯ ಮುಷ್ಟಿಯಲ್ಲಿದ್ದ ಮಾಹಿತಿ ರೈತನ ಕೈಗೆ ಬಂದದ್ದು ಒಳ್ಳೆಯದೇ. ಹಳೆಯ ಕಾಗದಗಳಲ್ಲೂ ತಪ್ಪುಗಳಿದ್ದವು, ಮೋಸವೂ ಇತ್ತು. ನಮ್ಮ ತಕರಾರು ಎರಡು ಬೇರೆ ಬುನಾದಿಯ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿ, ಗೆರೆ ಕೂಡದ ಕಡೆಯಲ್ಲೆಲ್ಲ ‘ಒತ್ತುವರಿ’ ಎಂದು ಬರೆದುಬಿಡುವ ಆತುರದ ಬಗ್ಗೆ ಮಾತ್ರ. ಇದರಿಂದ ಕಬರಸ್ತಾನಕ್ಕಾಗುವ ಅನ್ಯಾಯವೇ ಅದರ ಪಕ್ಕದ ಹೊಲದ ರೈತನಿಗೂ ಆಗಬಹುದು.

ಆದ್ದರಿಂದ ಮುತವಲ್ಲಿಗಳು, ಜಮಾಅತಿನವರು, ಮನೆ-ಹೊಲ ಇರುವ ಯಾರೇ ಆಗಲಿ, ನಕ್ಷೆಗೆ ಸಹಿ ಹಾಕುವ ಮುನ್ನ ನಾಲ್ಕು ಸಂಗತಿಗಳನ್ನು ಕೇಳಬೇಕು: ಡೇಟಮ್ ಯಾವುದು, ಪ್ರಕ್ಷೇಪ ಮತ್ತು ಪಟ್ಟಿ ಯಾವುದು, ಯಾವ ಉಪಕರಣದಿಂದ ಯಾವಾಗ ಅಳೆದದ್ದು, ಎಷ್ಟು ಮೀಟರ್ ತಪ್ಪಿರಬಹುದು. ಉತ್ತರ ನಕ್ಷೆಯ ಮೂಲೆಯಲ್ಲೇ ಅಚ್ಚಾಗಿರಬೇಕು. ಇಲ್ಲವಾದರೆ ಲಿಖಿತವಾಗಿ ಪಡೆಯಬೇಕು. ಜತೆಗೆ ಹಳೆಯ ಚೆಕ್ಕುಬಂದಿಯ ನಕಲನ್ನು ಲಗತ್ತಿಸಿ, ನೆರೆಯವರನ್ನು ಕರೆದು ನಿಲ್ಲಿಸಿಕೊಂಡೇ ಅಳತೆ ಮಾಡಿಸಬೇಕು.