ಗಾಜಿನ ಕಪಾಟಿನಲ್ಲಿ ಶ್ರೀಸಾಮಾನ್ಯ

ವ್ಯಂಗ್ಯಚಿತ್ರದ ಪಾತ್ರಗಳನ್ನು ಗೊಂಬೆಗಳ ರೂಪದಲ್ಲಿ ಕೂಡಿಡುವ ಹವ್ಯಾಸ ನಮ್ಮ ನಗರಗಳಲ್ಲಿ ಹೊಸದೇನಲ್ಲ. ಏರ್ ಇಂಡಿಯಾದ ಮಹಾರಾಜ, ಏಷ್ಯನ್ ಪೇಂಟ್ಸ್‌ನ ಗಟ್ಟು, ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ, ಈ ಮೂವರೂ ಒಂದೇ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿರುವುದನ್ನು ನಾವು ಕಂಡಿದ್ದೇವೆ. ನಿಲ್ಲಿಸಿದವರ ಉತ್ಸಾಹಕ್ಕೆ ನಮ್ಮ ತಕರಾರಿಲ್ಲ. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಮಹಾರಾಜ 1946ರಲ್ಲಿ ಹುಟ್ಟಿದ್ದೇ ಪ್ರಚಾರಕ್ಕಾಗಿ. ಬಾಬಿ ಕೂಕಾ ಅವರ ಕಲ್ಪನೆಗೆ ಉಮೇಶ್ ರಾವ್ ರೂಪ ಕೊಟ್ಟರು. ಬಾಗಿ ವಂದಿಸುವುದೇ ಅವನ ಕಾಯಕ. ಅದನ್ನು ಚಿತ್ರದಲ್ಲಿ ಮಾಡಿದಷ್ಟೇ ಸೊಗಸಾಗಿ ಮೇಜಿನ ಮೇಲೂ ಮಾಡುತ್ತಾನೆ. ಲಕ್ಷ್ಮಣರೇ 1954ರಲ್ಲಿ ಬರೆದುಕೊಟ್ಟ ಗಟ್ಟುವೂ ಹಾಗೆಯೇ. ಕೈಯಲ್ಲಿ ಬ್ರಷ್ಷು, ಬಣ್ಣದ ಡಬ್ಬಿ, ಮುಖದಲ್ಲಿ ತುಂಟತನ ಇದ್ದರೆ ಹುಡುಗ ಪೂರ್ತಿಯಾದ.

ಶ್ರೀಸಾಮಾನ್ಯನ ಮಾತು ಬೇರೆ. ಚೌಕುಳಿ ಕೋಟು, ಧೋತರ, ಕನ್ನಡಕ, ಬಕ್ಕತಲೆಯ ಅಂಚಿನಲ್ಲಿ ಕೆದರಿದ ಕೂದಲು, ಎಲ್ಲವನ್ನೂ ಗೊಂಬೆ ಮಾಡುವವರು ತಪ್ಪದೆ ತರುತ್ತಾರೆ. ತರಲಾಗದ್ದು ಎದುರಿಗಿರುವ ಮಂತ್ರಿಯನ್ನು. 1951ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಮೊದಲಾದ ‘ಯೂ ಸೆಡ್ ಇಟ್’ ಚಿತ್ರಮಾಲೆಯಲ್ಲಿ ಈತ ತುಟಿ ಬಿಚ್ಚುವವನಲ್ಲ. ಮಂತ್ರಿ ಮಾತಾಡುತ್ತಾನೆ, ಅಧಿಕಾರಿ ಮಾತಾಡುತ್ತಾನೆ, ಕೆಲವೊಮ್ಮೆ ಈತನ ಹೆಂಡತಿಯೂ ಮಾತಾಡುತ್ತಾಳೆ. ಈತ ಮೂಲೆಯಲ್ಲಿ ನಿಂತು ನೋಡುತ್ತಾನೆ. ನಗು ಹುಟ್ಟುವುದು ಆ ಮಾತಿಗೂ ಈ ಮೌನಕ್ಕೂ ನಡುವಿನ ಜಾಗದಲ್ಲಿ. ಗೊಂಬೆಯಲ್ಲಿ ಆ ಜಾಗವೇ ಇಲ್ಲ. ಉಳಿಯುವುದು ಪೆನ್ಷನ್ನಿಗೆ ಕಾದು ನಿಂತ ಯಾರೋ ಒಬ್ಬ ಮುದುಕ. ಪುಣೆಯ ಸಿಂಬಯಾಸಿಸ್‌ನಲ್ಲಿ 2001ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯ ಬಗ್ಗೆಯೂ ನಮಗೆ ಇದೇ ಅಸಮಾಧಾನ. ಗುಂಪಿನ ಹಿಂದಿನಿಂದ ಇಣುಕುವವನನ್ನು ಗುಂಪೇ ತಲೆಯೆತ್ತಿ ನೋಡುವಂತಾದರೆ ಅವನೆಲ್ಲಿಯ ಸಾಮಾನ್ಯ? ಅದಕ್ಕಿಂತ, ಆ ಪತ್ರಿಕೆಗೆ 150 ವರ್ಷ ತುಂಬಿದ ನೆನಪಿಗೆ 1988ರಲ್ಲಿ ಅಂಚೆ ಇಲಾಖೆ ತಂದ ಚೀಟಿಯೇ ನಮಗೆ ಮೆಚ್ಚು. ಅಲ್ಲಿ ಅವನು ಕಾಗದದ ಮೇಲಿದ್ದಾನೆ, ಚಿಕ್ಕವನಾಗಿದ್ದಾನೆ, ಮುದ್ರೆಯ ಪೆಟ್ಟನ್ನೂ ತಿನ್ನುತ್ತಾನೆ.

ಹಾಗಾದರೆ ಕೂಡಿಡಬೇಕಾದದ್ದು ಏನು? ಪತ್ರಿಕೆಯ ತುಣುಕುಗಳನ್ನು ಎನ್ನುತ್ತೇವೆ ನಾವು. ಆದರೆ ಅಲ್ಲಿಯೂ ಒಂದು ಲೋಪ ಕಾಣುತ್ತದೆ. ಬಹಳ ಮಂದಿ ಚೌಕಟ್ಟಿನ ಅಂಚಿಗೇ ಕತ್ತರಿ ಹಾಕಿ ತಾರೀಖನ್ನು ಬಿಸಾಡುತ್ತಾರೆ. ಯಾವ ಬಜೆಟ್ಟಿನ ಮರುದಿನ, ಯಾವ ಚುನಾವಣೆಯ ಮುನ್ನಾದಿನ ಎಂದು ತಿಳಿಯದೆ ಹೋದರೆ ಆ ಮೌನ ಅರ್ಧ ಮೂಕವಾಗುತ್ತದೆ. ಬಿ.ಎಸ್‌ಸಿ. ತರಗತಿಯಲ್ಲಿ ಹಾಳೆಗೆ ಗಿಡ ಅಂಟಿಸಿದ ಮೇಲೆ ಎಲ್ಲಿ, ಎಂದು ಕಿತ್ತದ್ದೆಂದು ಬರೆಯದಿದ್ದರೆ ಅಂಕವಿರಲಿಲ್ಲ. ಕಚೇರಿಯಲ್ಲಿ ತಾರೀಖಿಲ್ಲದ ಕಾಗದವನ್ನು ಫೈಲಿಗೆ ಸೇರಿಸುವಂತಿಲ್ಲ. (ಈ ಒಂದು ನಿಯಮಕ್ಕಾದರೂ ಸರಕಾರಿ ಗುಮಾಸ್ತರನ್ನು ಹೊಗಳಬೇಕು.)

ಕನ್ನಡಿಗರಾದ ನಮಗೆ ಇನ್ನೊಂದು ಹೊಣೆಯೂ ಇದೆ. ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣರು ‘ರಾಶಿ’ಯವರ ‘ಕೊರವಂಜಿ’ಗೆ ಚಿತ್ರ ಬರೆದವರು. 1942ರಲ್ಲಿ ಆರಂಭವಾದ ಆ ಪತ್ರಿಕೆಯ ಸಂಚಿಕೆಗಳು ನಮ್ಮ ಹಿರಿಯ ಸದಸ್ಯರ ಅಟ್ಟಗಳಲ್ಲಿ ಇನ್ನೂ ಇದ್ದಾವು. ಮನೆ ಬದಲಿಸುವಾಗ ಮೊದಲು ರದ್ದಿಯವನ ತಕ್ಕಡಿಗೆ ಹೋಗುವುದು ಅಂಥವೇ. ಗೊಂಬೆಗಳನ್ನು ಮಾತ್ರ ಹತ್ತಿಯಲ್ಲಿ ಸುತ್ತಿ ಒಯ್ಯುತ್ತೇವೆ.