ದೇವರಗುಡ್ಡದ ಏರಿಗೆ ಯಾವ ಎಂಜಿನ್?

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ನಡುವಿನ ಬದುಕು ಒಂದು ಕಾರಿನಿಂದ ಕೇಳುವ ಕೆಲಸ ಒಂದೇ ಬಗೆಯದಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ಸಾಲನ್ನು ಹಿಂದಿಕ್ಕುತ್ತ ಹುಬ್ಬಳ್ಳಿಗೋ ದಾವಣಗೆರೆಗೋ ಓಡಬೇಕು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯತ್ತ ಸಾಗುವ ಟ್ರ್ಯಾಕ್ಟರುಗಳ ಸಂದಣಿಯಲ್ಲಿ ನುಸುಳಬೇಕು. ಮಳೆಗಾಲದಲ್ಲಿ ಎರೆಹೊಲದ ಬದಿಯ ಕಚ್ಚಾ ದಾರಿಯನ್ನು ದಾಟಬೇಕು. ಮಹಾನವಮಿ ಬಂದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೇವರಗುಡ್ಡದ ಮಾಲತೇಶನ ಜಾತ್ರೆಗೆ, ಅಲ್ಲಿನ ಭವಿಷ್ಯನುಡಿಯಾದ ಕಾರ್ಣಿಕ ಕೇಳಲು ಹೋಗಿಬರಬೇಕು. ಇಷ್ಟನ್ನೂ ನಾಲ್ಕು ಮೀಟರಿಗಿಂತ ಗಿಡ್ಡವಾದ ಒಂದೇ ಕಾರು ಮಾಡಿಕೊಡುತ್ತದೆಂಬ ಭರವಸೆಯಿಂದಲೇ ಸಣ್ಣ ಕ್ರಾಸೋವರ್‌ಗಳು ಜನರನ್ನು ಸೆಳೆಯುತ್ತಿವೆ. ಆ ಭರವಸೆ ಎಷ್ಟರಮಟ್ಟಿಗೆ ನಿಜವಾಗುತ್ತದೆ ಎಂಬುದನ್ನು ಕಾರಿನ ಹೆಸರಿಗಿಂತ ಹೆಚ್ಚಾಗಿ ಆ ಹೆಸರಿನೊಳಗೆ ಆರಿಸಿಕೊಳ್ಳುವ ಎಂಜಿನ್ ಮತ್ತು ವೇರಿಯಂಟ್ ನಿರ್ಧರಿಸುತ್ತವೆ.

ಕ್ರಾಸೋವರ್ ಎಂದರೆ ನೋಟಕ್ಕೆ ಜೀಪಿನಂತೆ ಎತ್ತರಕ್ಕೆ ನಿಂತಿದ್ದರೂ ಒಳಗಿನ ರಚನೆಯಲ್ಲಿ ಸಾಮಾನ್ಯ ಕಾರೇ ಆಗಿರುವ ವಾಹನ. 1994ರಲ್ಲಿ ಬಂದ ಟಾಟಾ ಸುಮೊ, 2000ದಲ್ಲಿ ಬಂದ ಮಹೀಂದ್ರ ಬೊಲೆರೊಗಳಲ್ಲಿ ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ಬಾಡಿಯನ್ನು ಬೇರೆಯಾಗಿ ಕೂರಿಸಿ, ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಕೊಡಲಾಗಿತ್ತು. ಕ್ರಾಸೋವರ್‌ನಲ್ಲಿ ಚಾಸಿ ಮತ್ತು ಬಾಡಿ ಒಂದೇ ಕಟ್ಟಾಗಿದ್ದು, ಬಲ ಹರಿಯುವುದು ಸಾಮಾನ್ಯವಾಗಿ ಮುಂದಿನ ಗಾಲಿಗಳಿಗೆ ಮಾತ್ರ. ಇದರಿಂದ ತೂಕ ಇಳಿಯುತ್ತದೆ, ತಿರುವುಗಳಲ್ಲಿ ಕಾರು ವಾಲುವುದು ಕಡಿಮೆಯಾಗುತ್ತದೆ, ಮೈಲೇಜ್ ಏರುತ್ತದೆ. ಆದರೆ ಮಳೆಗೆ ನೆನೆದ ಎರೆಮಣ್ಣು ಟೈರಿನ ಗೀರುಗಳಲ್ಲಿ ಮೆತ್ತಿಕೊಂಡು ಹಿಡಿತ ತಪ್ಪಿದಾಗ 190 ಮಿ.ಮೀ. ನೆಲದಂತರವೂ ಹೆಚ್ಚು ನೆರವಾಗುವುದಿಲ್ಲ. ಕಾರಿನ ಹೊಟ್ಟೆ ನೆಲಕ್ಕೆ ತಾಗದೆ ಇರಬಹುದೇ ಹೊರತು, ಜಾರುವ ಗಾಲಿಗೆ ಹಿಡಿತವನ್ನು ಅದು ತಂದುಕೊಡಲಾರದು.

ಈ ಕಾರುಗಳ ಅಳತೆಯನ್ನು ರೂಪಿಸಿದ್ದು ರಸ್ತೆಗಿಂತ ಹೆಚ್ಚಾಗಿ ತೆರಿಗೆ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್ ಮೀರದ ಉದ್ದ ಮತ್ತು 1200 ಸಿಸಿ ಮೀರದ ಪೆಟ್ರೋಲ್ ಅಥವಾ 1500 ಸಿಸಿ ಮೀರದ ಡೀಸೆಲ್ ಎಂಜಿನ್ ಇರುವ ಕಾರುಗಳನ್ನು ಸಣ್ಣ ಕಾರುಗಳೆಂದು ಗುರುತಿಸಿ, ಅವುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಆ ಗೆರೆಯೇ ಮುಂದೆ ಜಿಎಸ್‌ಟಿಗೂ ಬಂದಿತು. 2025ರ ಸೆಪ್ಟೆಂಬರ್ 22ರಂದು, ಆ ವರ್ಷದ ನವರಾತ್ರಿಯ ಮೊದಲ ದಿನವೇ, ಈ ವರ್ಗದ ತೆರಿಗೆ ಶೇ 18ಕ್ಕೆ ಇಳಿದು, ಗೆರೆ ದಾಟಿದವುಗಳದು ಶೇ 40ರಲ್ಲಿ ನಿಂತಿತು. ಮಾರುತಿ ಫ್ರಾಂಕ್ಸ್‌ನ ದೊಡ್ಡ ಎಂಜಿನ್ 1197 ಸಿಸಿ, ಟಾಟಾ ಪಂಚ್‌ನದು 1199 ಸಿಸಿ ಇರುವುದಕ್ಕೆ ಕಾರಣ ಇದೇ. ಮಾರುತಿ ಬ್ರೆಝಾ ಉದ್ದದಲ್ಲಿ ಸಣ್ಣ ಕಾರಾಗಿದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ ಆಗಿರುವುದರಿಂದ ಶೇ 40ರ ಸಾಲಿಗೆ ಸೇರುತ್ತದೆ. ಹೀಗಾಗಿ ಸಣ್ಣ ಕ್ರಾಸೋವರ್ ಕೊಳ್ಳುವವರ ಮುಂದಿರುವ ಪೆಟ್ರೋಲ್ ಆಯ್ಕೆ ಬಹುತೇಕ ಎರಡೇ: 1.2 ಲೀಟರಿನ ಸಾದಾ ಎಂಜಿನ್, ಇಲ್ಲವೇ 1ರಿಂದ 1.2 ಲೀಟರಿನ ಟರ್ಬೊ ಎಂಜಿನ್.

ಎರಡರ ವ್ಯತ್ಯಾಸ ತಿಳಿಯಲು ಎರಡು ಅಳತೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಪಿಎಸ್ ಎಂಬುದು ಶಕ್ತಿಯ ಅಳತೆ. ಅದು ಕಾರಿನ ಗರಿಷ್ಠ ವೇಗಕ್ಕೆ ಸಂಬಂಧಿಸಿದ್ದು, ಎಂಜಿನ್ ಅತಿ ಹೆಚ್ಚು ಸುತ್ತು ತಿರುಗುವಾಗ ಮಾತ್ರ ಪೂರ್ತಿಯಾಗಿ ಸಿಗುತ್ತದೆ. ನ್ಯೂಟನ್ ಮೀಟರಿನಲ್ಲಿ ಹೇಳುವ ಟಾರ್ಕ್ ಎಂಬುದು ಎಂಜಿನ್ನಿನ ದಂಡವನ್ನು ತಿರುಗಿಸುವ ಬಲ. ಗ್ಯಾರೇಜಿನವರು ಎಳೆತ ಎನ್ನುವುದು ಇದನ್ನೇ. ಎರೆನೆಲದಲ್ಲಿ ನೇಗಿಲು ಆಳಕ್ಕೆ ಕಚ್ಚಿದಾಗ ಎತ್ತಿನ ಓಟಕ್ಕಿಂತ ಎಳೆತವೇ ಮುಖ್ಯವಾಗುವಂತೆ, ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಹೊತ್ತ ಕಾರಿಗೆ ಮುಖ್ಯವಾಗುವುದು ಟಾರ್ಕ್. ಅದು ಎಷ್ಟಿದೆ ಎಂಬುದರಷ್ಟೇ, ಎಷ್ಟನೆಯ ಸುತ್ತಿನಲ್ಲಿ ಸಿಗುತ್ತದೆ ಎಂಬುದೂ ಮುಖ್ಯ.

2023ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಸುಜುಕಿ ಫ್ರಾಂಕ್ಸ್ ಈ ಹೋಲಿಕೆಗೆ ಒಳ್ಳೆಯ ಉದಾಹರಣೆ, ಏಕೆಂದರೆ ಒಂದೇ ಬಾಡಿಯಲ್ಲಿ ಎರಡೂ ಬಗೆಯ ಎಂಜಿನ್ ಅದರಲ್ಲಿ ದೊರೆತವು. ನಾಲ್ಕು ಸಿಲಿಂಡರಿನ 1.2 ಎಂಜಿನ್ 90 ಪಿಎಸ್ ಶಕ್ತಿ, 113 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ; ಆದರೆ ಆ ಟಾರ್ಕ್ ಪೂರ್ತಿಯಾಗಿ ಒದಗುವುದು ನಿಮಿಷಕ್ಕೆ 4400 ಸುತ್ತು ತಲುಪಿದಾಗ. ಮೂರು ಸಿಲಿಂಡರಿನ 998 ಸಿಸಿ ಎಂಜಿನ್ನಿನಲ್ಲಿ ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಗಾಳಿಚಕ್ರವನ್ನು ತಿರುಗಿಸಿ ಸಿಲಿಂಡರಿಗೆ ಹೆಚ್ಚುವರಿ ಗಾಳಿ ತುಂಬುವ ಟರ್ಬೊ ಇರುವುದರಿಂದ, ಶಕ್ತಿ 100 ಪಿಎಸ್‌ಗೂ ಟಾರ್ಕ್ 147.6 ನ್ಯೂಟನ್ ಮೀಟರಿಗೂ ಏರಿ, ಆ ಟಾರ್ಕ್ 2000 ಸುತ್ತಿನಿಂದ 4500ರವರೆಗೆ ಒಂದೇ ಸಮನೆ ನಿಲ್ಲುತ್ತದೆ. ಶಕ್ತಿಯಲ್ಲಿ ಹತ್ತು ಪಿಎಸ್ ವ್ಯತ್ಯಾಸ ದೊಡ್ಡದೆನಿಸದಿರಬಹುದು. ಆದರೆ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಲಾರಿಯ ಹಿಂದೆ ಇರುವಾಗ, ಮೇಲಿನ ಗೇರಿನಲ್ಲಿ ಎಂಜಿನ್ 3000 ಸುತ್ತಿಗಿಂತ ಕೆಳಗೇ ಇರುವುದರಿಂದ, ಟರ್ಬೊ ಎಂಜಿನ್ ಗೇರ್ ಬದಲಿಸದೆಯೇ ಮುನ್ನುಗ್ಗುತ್ತದೆ, ಸಾದಾ ಎಂಜಿನ್ ಒಂದೋ ಎರಡೋ ಗೇರ್ ಇಳಿಸಿಕೊಂಡು ಏರುದನಿಯಲ್ಲಿ ದುಡಿಯಬೇಕಾಗುತ್ತದೆ. ತುಂಬಿದ ಕಾರಿನಲ್ಲಿ ವಾರಕ್ಕೊಮ್ಮೆಯಾದರೂ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವವರಿಗೆ ಟರ್ಬೊ ತಕ್ಕ ಆಯ್ಕೆ, ಅದು ಆಡಂಬರವಲ್ಲ.

ಆದರೆ 2000 ಸುತ್ತಿಗಿಂತ ಕೆಳಗೆ ಅದೇ ಟರ್ಬೊ ಎಂಜಿನ್ ಮಂಕಾಗಿರುತ್ತದೆ. ಗಾಳಿಚಕ್ರ ವೇಗ ಹಿಡಿಯುವ ಮುನ್ನ ಉಂಟಾಗುವ ಈ ತಡವನ್ನು ಟರ್ಬೊ ಲ್ಯಾಗ್ ಎನ್ನುತ್ತಾರೆ. ಊರೂರಿನ ಹಂಪುಗಳನ್ನು ಎರಡನೇ ಗೇರಿನಲ್ಲಿ ದಾಟುತ್ತ ರಾಣೇಬೆನ್ನೂರಿನ ಪೇಟೆಯಿಂದ ಮನೆಗೆ, ಮನೆಯಿಂದ ಹೊಲಕ್ಕೆ ಓಡಾಡುವವರಿಗೆ, ಆಕ್ಸಿಲರೇಟರ್ ಮುಟ್ಟಿದೊಡನೆ ತಡವಿಲ್ಲದೆ ಸ್ಪಂದಿಸುವ ನಾಲ್ಕು ಸಿಲಿಂಡರಿನ ಸಾದಾ ಎಂಜಿನ್ನೇ ಹೆಚ್ಚು ಹಿತ. ನಾಲ್ಕು ಸಿಲಿಂಡರುಗಳಲ್ಲಿ ಎರಡು ಮೇಲೇರುವಾಗ ಎರಡು ಕೆಳಗಿಳಿದು ಪರಸ್ಪರ ತೂಗಿಸುವುದರಿಂದ ನಡುಕ ಕಡಿಮೆ. ಮೂರು ಸಿಲಿಂಡರಿನದರಲ್ಲಿ ನಿಂತಲ್ಲಿಯೇ ಸೀಟಿಗೆ ತಟ್ಟುವ ಸಣ್ಣ ಕಂಪನವನ್ನು ಪೂರ್ತಿ ಅಳಿಸುವುದು ಕಷ್ಟ. 2024ರ ಹೊಸ ಸ್ವಿಫ್ಟ್‌ನಲ್ಲಿ ಸುಜುಕಿಯೂ ಮೂರು ಸಿಲಿಂಡರಿಗೆ ಇಳಿದಿರುವುದನ್ನು ಕಂಡರೆ, ಈ ನಯವಾದ ಎಂಜಿನ್ ಇನ್ನೆಷ್ಟು ಕಾಲ ಸಿಗುತ್ತದೋ ಎಂಬ ಕಳವಳ ಮೂಡುವುದು ಸಹಜ.

ಡೀಸೆಲ್ ವಿಚಾರವನ್ನು ಬೇಗ ಮುಗಿಸಬಹುದು. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್‌ನಿಂದ ಹಿಂದೆ ಸರಿಯಿತು. ಟಾಟಾ ನೆಕ್ಸಾನ್, ಕಿಯಾ ಸೋನೆಟ್, ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒಗಳಲ್ಲಿ ಮಾತ್ರ 1.5 ಲೀಟರಿನ ಡೀಸೆಲ್ ಎಂಜಿನ್‌ಗಳು ಆ ಬಳಿಕವೂ ದೊರೆತವು. ನೆಕ್ಸಾನ್‌ನ 260 ನ್ಯೂಟನ್ ಮೀಟರ್ ಎಳೆತಕ್ಕೆ ಮೇಲಿನ ಯಾವ ಪೆಟ್ರೋಲ್ ಎಂಜಿನ್ನೂ ಸಾಟಿಯಲ್ಲ. ಆದರೆ ಈ ಎಂಜಿನ್‌ಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಪಾತ್ರೆ, ಅಂದರೆ ಡಿಪಿಎಫ್ ಇರುತ್ತದೆ. ಕಾರು ಆಗಾಗ ಹೆದ್ದಾರಿಯ ವೇಗದಲ್ಲಿ ಕೆಲಹೊತ್ತು ಬಿಡದೆ ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಮಾರುಕಟ್ಟೆಯಿಂದ ಮಾರುಕಟ್ಟೆಗೆ ದೂರದ ಓಟವಿರುವ ಮೆಣಸಿನಕಾಯಿ ವರ್ತಕರಿಗೆ ಇದು ಸಲೀಸು. ದಿನವೂ ಹತ್ತು ಕಿ.ಮೀ. ಒಳಗೆ ಸುತ್ತುವವರಿಗೆ ಸೋಸುಪಾತ್ರೆ ಕಟ್ಟಿಕೊಳ್ಳುವ ತೊಂದರೆ ಎದುರಾಗುವ ಸಾಧ್ಯತೆ ಹೆಚ್ಚು.

ಸಿಎನ್‌ಜಿಯಲ್ಲಿ ಓಡುವಾಗ ಫ್ರಾಂಕ್ಸ್‌ನ ಅದೇ 1.2 ಎಂಜಿನ್ 77.5 ಪಿಎಸ್‌ಗೂ 98.5 ನ್ಯೂಟನ್ ಮೀಟರಿಗೂ ಇಳಿಯುತ್ತದೆ, ಡಿಕ್ಕಿಯ ಜಾಗವನ್ನು ಸಿಲಿಂಡರ್ ಆಕ್ರಮಿಸುತ್ತದೆ. ಕಿಲೋಗೆ 28.51 ಕಿ.ಮೀ. ಎಂಬ ಅಧಿಕೃತ ಮೈಲೇಜ್ ಆಕರ್ಷಕವೇ ಆದರೂ, ಬೀಜ, ಗೊಬ್ಬರದ ಚೀಲಗಳನ್ನು ಕಾರಿನಲ್ಲಿಯೇ ತರುವ ಮನೆಗಳಿಗೆ ಇದು ಒಗ್ಗುವುದಿಲ್ಲ. ಇನ್ನು ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿರುವುದರಿಂದ ಕರಪತ್ರದ ಮೈಲೇಜನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. 

ಗೇರ್‌ಬಾಕ್ಸ್‌ನ ಆಯ್ಕೆಯಲ್ಲಿ ದೇವರಗುಡ್ಡದ ಜಾತ್ರೆ ನಿಜವಾದ ಪರೀಕ್ಷೆ. ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳಲು ಮಹಾನವಮಿಯಂದು ಸೇರುವ ಜನಸಾಗರದ ನಡುವೆ, ಏರಿನಲ್ಲಿ, ಮಾರಿಗೊಮ್ಮೆ ನಿಂತು ಹೊರಡುವ ಕಾರಿನ ಕ್ಲಚ್ಚಿಗೆ ಅದಕ್ಕಿಂತ ಕಠಿಣ ದಿನವಿಲ್ಲ. ಅಗ್ಗದ ಆಟೊಮ್ಯಾಟಿಕ್ ಎನಿಸಿದ ಎಎಂಟಿಯಲ್ಲಿ ಇರುವುದು ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸೇ. ಚಾಲಕರ ಕಾಲಿನ ಬದಲು ಒಂದು ಯಂತ್ರ ಕ್ಲಚ್ಚನ್ನು ಒತ್ತಿ ಬಿಡುತ್ತದೆ. ಏರಿನಲ್ಲಿ ಬ್ರೇಕಿಗೆ ಬದಲಾಗಿ ಆಕ್ಸಿಲರೇಟರಿನಿಂದಲೇ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸವಿದ್ದರೆ ಆ ಕ್ಲಚ್ ತಟ್ಟೆ ಬಿಸಿಯೇರಿ ಸವೆಯುತ್ತದೆ. ಟಾರ್ಕ್ ಕನ್ವರ್ಟರ್ ಬಗೆಯ ಆಟೊಮ್ಯಾಟಿಕ್‌ನಲ್ಲಿ ಬಲ ಎಣ್ಣೆಯ ಮೂಲಕ ದಾಟುವುದರಿಂದ ಇಂಥ ಸವೆತವಿಲ್ಲ, ನಡೆಯೂ ನಯ. ಫ್ರಾಂಕ್ಸ್‌ನಲ್ಲಿ 1.2 ಎಂಜಿನ್ನಿಗೆ ಎಎಂಟಿಯನ್ನೂ ಟರ್ಬೊಗೆ ಆರು ಗೇರಿನ ಟಾರ್ಕ್ ಕನ್ವರ್ಟರನ್ನೂ ಜೋಡಿಸಲಾಯಿತು. ಆಟೊಮ್ಯಾಟಿಕ್ಕೇ ಬೇಕೆನ್ನುವವರು ಎರಡನೆಯದಕ್ಕೆ ಹಣ ಕೂಡಿಸುವುದು ಒಳ್ಳೆಯದು. ಅಷ್ಟು ಹಣವಿಲ್ಲದವರಿಗೆ ಎಎಂಟಿಗಿಂತ ಮ್ಯಾನುಯಲ್ಲೇ ಲೇಸು. ಏರಿನಲ್ಲಿ ಬ್ರೇಕ್ ಬಿಟ್ಟ ಮೇಲೂ ಕೆಲವು ಕ್ಷಣ ಕಾರನ್ನು ಹಿಂದಕ್ಕೆ ಜಾರದಂತೆ ಹಿಡಿದಿಡುವ ಹಿಲ್ ಹೋಲ್ಡ್ ಸೌಲಭ್ಯ ಮಾತ್ರ ಯಾವ ಗೇರ್‌ಬಾಕ್ಸ್ ಆರಿಸಿಕೊಂಡರೂ ಇರಲೇಬೇಕು.

ಇನ್ನು ವೇರಿಯಂಟ್. ಒಂದೇ ಕಾರನ್ನು ಸೌಲಭ್ಯಗಳ ಹೆಚ್ಚು ಕಡಿಮೆಯ ಮೇಲೆ ವಿಂಗಡಿಸಿದ ಮೆಟ್ಟಿಲುಗಳಿವು. ಫ್ರಾಂಕ್ಸ್‌ನಲ್ಲಿ ಸಿಗ್ಮಾ, ಡೆಲ್ಟಾ, ಝೀಟಾ, ಆಲ್ಫಾ ಎಂಬುದು ಅವುಗಳ ಏರುಕ್ರಮ. ಆಯ್ಕೆ ಎಂಬ ಮಾತು ಇಲ್ಲಿ ಪೂರ್ತಿ ಸತ್ಯವಲ್ಲ, ಏಕೆಂದರೆ ಕಂಪನಿಗಳು ಎಂಜಿನ್ನನ್ನೂ ಮೆಟ್ಟಿಲನ್ನೂ ಒಂದಕ್ಕೊಂದು ಕಟ್ಟಿಹಾಕುತ್ತವೆ. ಫ್ರಾಂಕ್ಸ್ ಬಿಡುಗಡೆಯಾದಾಗ ಝೀಟಾ ಮತ್ತು ಆಲ್ಫಾ ಟರ್ಬೊಗೆ ಮಾತ್ರ ಮೀಸಲಾಗಿದ್ದವು. ಆರು ಏರ್‌ಬ್ಯಾಗ್‌ಗಳು ಆ ಎರಡರಲ್ಲೇ ಇದ್ದುದರಿಂದ, ಸಾದಾ ಎಂಜಿನ್ ಬಯಸಿದವರಿಗೆ ಎರಡೇ ಏರ್‌ಬ್ಯಾಗ್ ದಕ್ಕಿದವು. ಪ್ರಾಣರಕ್ಷಣೆಯ ಸಾಧನವನ್ನು ಸನ್‌ರೂಫಿನ ಸಾಲಿನಲ್ಲಿಟ್ಟು ಮಾರುವ ಈ ಪದ್ಧತಿ ತಪ್ಪು ಎಂದೇ ಹೇಳಬೇಕು. 2023ರಲ್ಲೇ ಬಂದ ಹ್ಯುಂಡೈ ಎಕ್ಸ್‌ಟರ್ ತಳಮೆಟ್ಟಿಲಿನಿಂದಲೇ ಆರು ಏರ್‌ಬ್ಯಾಗ್ ಕೊಟ್ಟಿತು. 2025ರಲ್ಲಿ ಫ್ರಾಂಕ್ಸ್ ಕೂಡ ಆ ದಾರಿಗೆ ಬಂದಿತು.

ಮೆಟ್ಟಿಲೇರುವಾಗ ಗಮನಿಸಬೇಕಾದ ಇನ್ನೊಂದು ಗೆರೆ ಕರ್ನಾಟಕದ್ದೇ. ರಾಜ್ಯದ ಜೀವಿತಾವಧಿ ತೆರಿಗೆ ಐದರಿಂದ ಹತ್ತು ಲಕ್ಷ ರೂಪಾಯಿ ಬೆಲೆಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ 14, ಹತ್ತರಿಂದ ಇಪ್ಪತ್ತು ಲಕ್ಷದವುಗಳಿಗೆ ಶೇ 17. ಅದರ ಮೇಲೆ ಉಪಕರ ಬೇರೆ. ಹೆಚ್ಚಿನ ದರ ಗೆರೆ ಮೀರಿದ ಭಾಗಕ್ಕಷ್ಟೇ ಅಲ್ಲದೆ ಇಡೀ ಬೆಲೆಗೆ ಬೀಳುವುದರಿಂದ, 9.90 ಲಕ್ಷದ ವೇರಿಯಂಟಿಗೆ 1,38,600 ರೂಪಾಯಿ ತೆರಿಗೆಯಾದರೆ 10.10 ಲಕ್ಷದ್ದಕ್ಕೆ 1,71,700 ರೂಪಾಯಿ ಆಗುತ್ತದೆ. ಇಪ್ಪತ್ತು ಸಾವಿರದ ಸೌಲಭ್ಯಕ್ಕೆ ಮೂವತ್ಮೂರು ಸಾವಿರದ ತೆರಿಗೆ ಸೇರುವ ಈ ಲೆಕ್ಕವನ್ನು ಆನ್ ರೋಡ್ ಬೆಲೆಯ ಒಟ್ಟು ಮೊತ್ತ ಮರೆಮಾಡುತ್ತದೆ. ಆದ್ದರಿಂದ ಬಿಡಿಬಿಡಿಯಾಗಿ ಬರೆದ ಪಟ್ಟಿಯನ್ನೇ ಕೇಳಿ ಪಡೆಯಬೇಕು.

ಮೇಲಿನ ಮೆಟ್ಟಿಲು ಯಾವಾಗಲೂ ಉತ್ತಮವೆಂದೂ ಇಲ್ಲ. 2021ರಲ್ಲಿ ಬಂದ ಟಾಟಾ ಪಂಚ್‌ನ ತಳದ ವೇರಿಯಂಟಿಗೆ 185/70 ಆರ್15, ತುದಿಯದಕ್ಕೆ 195/60 ಆರ್16 ಟೈರುಗಳಿದ್ದವು. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಲೆಕ್ಕದಲ್ಲಿ ಪಕ್ಕದ ರಬ್ಬರಿನ ಎತ್ತರ, ಕೊನೆಯದು ಇಂಚುಗಳಲ್ಲಿ ಚಕ್ರದ ಅಳತೆ. ಲೆಕ್ಕ ಹಾಕಿದರೆ ಎರಡೂ ಗಾಲಿಗಳ ಒಟ್ಟು ಎತ್ತರ 640 ಮಿ.ಮೀ. ಆಸುಪಾಸಿನಲ್ಲಿ ಸಮನಾಗಿದ್ದರೂ, ರಬ್ಬರಿನ ಎತ್ತರ ಮೊದಲನೆಯದರಲ್ಲಿ 129.5, ಎರಡನೆಯದರಲ್ಲಿ 117 ಮಿ.ಮೀ. ಗುಂಡಿಯ ಅಂಚಿಗೆ ಗಾಲಿ ಬಡಿದಾಗ ಹೊಡೆತವನ್ನು ನುಂಗುವುದು ಆ ರಬ್ಬರೇ ಆದ್ದರಿಂದ, ಕಚ್ಚಾ ದಾರಿಗೆ ಕೆಳಗಿನ ವೇರಿಯಂಟಿನ ಗಾಲಿ ಹೆಚ್ಚು ಯೋಗ್ಯ. ಉಕ್ಕಿನ ಚಕ್ರ ಸೊಟ್ಟಗಾದರೆ ಬಡಿದು ಸರಿಪಡಿಸಬಹುದು, ಅಲಾಯ್ ಚಕ್ರವಾದರೆ ಒಡೆಯಬಹುದು.

ಮಧ್ಯದ ಮೆಟ್ಟಿಲಿಗೆ ಏರಲು ನಿಜವಾದ ಕಾರಣಗಳು ಹಿಂಬದಿಯ ವೈಪರ್ ಮತ್ತು ಹಿಂದಿನ ಸೀಟಿನ ಎಸಿ ಕಿಂಡಿಗಳು. ಹಿಂಭಾಗ ಕಡಿದಾಗಿ ಇಳಿಯುವ ಕಾರುಗಳ ಬೆನ್ನಿಗೆ ಓಡುವಾಗ ಗಾಳಿ ಸುರುಳಿ ಸುತ್ತುವುದರಿಂದ ಎರೆಮಣ್ಣಿನ ಧೂಳು, ರಾಡಿ ನೇರವಾಗಿ ಹಿಂದಿನ ಗಾಜಿಗೆ ಮೆತ್ತುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹಿಂದೆ ಕೂತ ವೃದ್ಧರಿಗೆ, ಮಕ್ಕಳಿಗೆ ಆ ಕಿಂಡಿಯ ಬೆಲೆ ತಿಳಿಯುತ್ತದೆ. ಸನ್‌ರೂಫ್ ಅದೇ ಬಿಸಿಲನ್ನು ನೆತ್ತಿಯ ಮೇಲೆ ತರುತ್ತದೆ, ತಲೆಯ ಮೇಲಿನ ಜಾಗವನ್ನೂ ಕಸಿಯುತ್ತದೆ. ಅದಕ್ಕೆಂದೇ ಒಂದು ಮೆಟ್ಟಿಲು ಏರುವುದು ಹಣದ ಸದ್ಬಳಕೆಯಲ್ಲ.

ಟೆಸ್ಟ್ ಡ್ರೈವ್‌ಗೆಂದು ಮುಂದಿಡುವ ಕಾರು ಅನೇಕ ವೇಳೆ ತುದಿಯ ವೇರಿಯಂಟಿನದು, ಜೊತೆಗೆ ಬರುವವರು ಒಬ್ಬಿಬ್ಬರು, ದಾರಿ ಸಪಾಟಾದದ್ದು. ಅಷ್ಟರಿಂದ ಏನೂ ತಿಳಿಯುವುದಿಲ್ಲ. ಕೊಳ್ಳಬೇಕೆಂದಿರುವ ಎಂಜಿನ್ ಮತ್ತು ಗೇರ್‌ಬಾಕ್ಸ್ ಇರುವ ಕಾರನ್ನೇ ಕೇಳಿ, ಮನೆಯ ನಾಲ್ವರನ್ನು ಕೂರಿಸಿ, ಎಸಿ ಹಚ್ಚಿ, ಒಂದು ಏರಿನ ನಡುವೆ ನಿಲ್ಲಿಸಿ ಹೊರಡಿಸಬೇಕು. ಬಳಿಕ ಹೆದ್ದಾರಿಯಲ್ಲಿ 60 ಕಿ.ಮೀ. ವೇಗದಿಂದ ಗೇರ್ ಇಳಿಸದೆ 80ಕ್ಕೆ ಏರಿಸಿ ಎಂಜಿನ್ನಿನ ದನಿಯನ್ನು ಕೇಳಬೇಕು. ಅಂಥ ಕಾರು ಹತ್ತಿರದ ಶೋರೂಂನಲ್ಲಿ ಇಲ್ಲದಿದ್ದರೆ ಹುಬ್ಬಳ್ಳಿ ಅಥವಾ ದಾವಣಗೆರೆಯಲ್ಲಿ ವಿಚಾರಿಸಬಹುದು, ಅಲ್ಲಿಯೂ ಸಿಗದಿದ್ದರೆ ಆಯುಧಪೂಜೆಯ ಮುಹೂರ್ತ ತಪ್ಪಿದರೂ ಸರಿಯೆಂದು ಬುಕಿಂಗನ್ನು ದೀಪಾವಳಿಗೆ ಮುಂದೂಡುವುದು ಯುಕ್ತ.