ಹಿಂಬದಿಯ ಚಿತ್ರ ಕಳಿಸು

ಸಕಲೇಶಪುರದ ಕಡೆಯ ತೋಟವೊಂದರಿಂದ ಸೋದರಳಿಯ ಮೊಬೈಲಿಗೆ ಒಂದು ಚಿತ್ರ ಕಳಿಸಿದ. ಲಂಟಾನದ ಪೊದೆಯೊಳಗೆ ಮುಕ್ಕಾಲು ಮುಳುಗಿದ ಕಾರಿನ ಚಿಪ್ಪು. ಗಾಜಿಲ್ಲ, ಚಕ್ರವಿಲ್ಲ, ಬಾನೆಟ್ಟಿಲ್ಲ. ಬಂಪರ್ ಯಾವ ಕಾಲಕ್ಕೋ ಗುಜರಿ ಸೇರಿದೆ. ಹೆಡ್‌ಲೈಟ್ ಇದ್ದ ಕಡೆ ಎರಡು ಕುಳಿ. ಕೆಳಗೆ ಬರೆದಿದ್ದ: ‘ಮಾವ, ಇದು ಅಂಬಾಸಿಡರ್ ತಾನೆ?’

ತಾನೆ ಅನ್ನುವಷ್ಟು ಸಲೀಸಲ್ಲ. ‘ಹಿಂಬದಿಯ ಚಿತ್ರ ಕಳಿಸು’ ಎಂದು ಬರೆದೆ.

ಶಾಸನ ಓದುವವರು ಸವೆದ ಸಾಲನ್ನು ತ್ರುಟಿತ ಎಂದು ಗುರುತು ಹಾಕಿ ಕೈಬಿಡುವುದಿಲ್ಲ. ಉಳಿದ ಅಕ್ಷರದ ತಿರುವು ನೋಡಿ ಶತಮಾನ ಹೇಳುತ್ತಾರೆ. ಹಾಳುಬಿದ್ದ ಗಾಡಿಯ ಫೋಟೊ ನೋಡುವ ಸುಖವೂ ಅದೇ ಜಾತಿಯದು. ಹೊಸ ಕಾರಿನ ಮುಂದೆ ನಿಂತರೆ ಕಣ್ಣು ನೇರ ಹೆಸರಿಗೆ ಹೋಗುತ್ತದೆ, ನೋಡುವ ಕೆಲಸ ಅಲ್ಲಿಗೆ ಮುಗಿಯಿತು. ಹೆಸರು ಉದುರಿಹೋದ ಮೇಲೆಯೇ ನಾವು ಕಾರನ್ನು ನಿಜವಾಗಿ ನೋಡತೊಡಗುವುದು.

ಅಂಬಾಸಿಡರ್‌ಗೆ ಒಬ್ಬ ಅಣ್ಣನಿದ್ದ, ಲ್ಯಾಂಡ್‌ಮಾಸ್ಟರ್. ಇಬ್ಬರದೂ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮನೆತನ. ಅಣ್ಣ 1954ರ ಎರಡನೇ ಸರಣಿಯ ಅಚ್ಚು, ತಮ್ಮ 1956ರ ಮೂರನೆಯದು. ನಡುಮೈ ಒಂದೇ: ಅದೇ ದುಂಡು ಮಾಡು, ಅದೇ ಬಾಗಿಲು. ವ್ಯತ್ಯಾಸವೆಲ್ಲ ತಲೆ ಮತ್ತು ಬಾಲದಲ್ಲಿ. ತಮ್ಮನ ಬಾನೆಟ್ ಮೇಲೆ ಉದ್ದುದ್ದ ಮಡಿಕೆಗಳು, ಹಿಂದಿನ ಮಡ್‌ಗಾರ್ಡಿಗೆ ಸಣ್ಣ ರೆಕ್ಕೆ. ಅಣ್ಣನ ಬೆನ್ನು ಸುಮ್ಮನೆ ಇಳಿದು ಮುಗಿಯುತ್ತದೆ, ಇಳಿಜಾರಿನ ಹುಲ್ಲುಗಾವಲಿನ ಹಾಗೆ. ಗ್ರಿಲ್ ಉಳಿದಿದ್ದರೂ ಅದನ್ನು ನೆಚ್ಚುವಂತಿಲ್ಲ. ಮಾರ್ಕ್ 2ಕ್ಕೆ ಒತ್ತೊತ್ತು ಚೌಕಳಿ, ಮಾರ್ಕ್ 3ಕ್ಕೆ ಅಡ್ಡಪಟ್ಟಿ, ಮಾರ್ಕ್ 4ಕ್ಕೆ ದೊಡ್ಡ ಚೌಕಳಿ ಎಂದು ಬಾಯಿಪಾಠ ಮಾಡಿಕೊಂಡು ನಾನೂ ಒಮ್ಮೆ ಮೋಸಹೋಗಿದ್ದೇನೆ. ಹಳೆ ಗಾಡಿಗೆ ಹೊಸ ಮೂತಿ ಕೂರಿಸಿ ಮೆರೆದ ಮಾಲೀಕರು ಬೇಕಾದಷ್ಟು.

ಅಳಿಯನ ಉತ್ತರ ಬರುವ ತನಕ ಕೂಡಿಟ್ಟ ಹಳೆಯ ಚಿತ್ರಗಳನ್ನು ತೆಗೆದು ಕೂತೆ. ನನಗೆ ಅತಿ ಪ್ರೀತಿಯದು ಒಂದು ಜೀಪು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯ ವಿಲೇವಾರಿ ಮಾಡಿದ ಇಂಥವನ್ನು ಡಿಸ್ಪೋಸಲ್ ಜೀಪು ಅನ್ನುತ್ತಿದ್ದರು. ಮುಂದಿನ ಸೀಳುಗಳನ್ನು ಎಣಿಸಬೇಕು: ಒಂಬತ್ತಿದ್ದರೆ ಯುದ್ಧಕಾಲದ್ದು, ಏಳಿದ್ದರೆ ಆಮೇಲೆ ನಾಗರಿಕರಿಗಾಗಿ ಮಾಡಿದ್ದು. ಒಂಬತ್ತು ಬಂತು ಅಂತಿಟ್ಟುಕೊಳ್ಳಿ. ವಿಲ್ಲಿಸ್ ಮಾಡಿದ್ದೋ ಫೋರ್ಡ್ ಮಾಡಿದ್ದೋ? ಫೋರ್ಡ್ ಕಂಪನಿ ಬೋಲ್ಟಿನ ತಲೆಯ ಮೇಲೂ ತನ್ನ ‘ಎಫ್’ ಒತ್ತುತ್ತಿತ್ತು, ಆದರೆ ತುಕ್ಕು ಹಿಡಿದ ಬೋಲ್ಟು ಫೋಟೊದಲ್ಲಿ ಎಲ್ಲಿ ಕಾಣಬೇಕು! ಆಗ ರೇಡಿಯೇಟರಿನ ಅಡಿಗೆ ಬಗ್ಗಿ ನೋಡಬೇಕು. ಚಾಸಿಯ ಎರಡು ತೊಲೆಗಳನ್ನು ಜೋಡಿಸುವ ಅಡ್ಡಪಟ್ಟಿ ಕೊಳವೆಯಂತೆ ದುಂಡಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ದೋಣಿಯಂತಿದ್ದರೆ ಫೋರ್ಡ್. ನನ್ನ ಚಿತ್ರದಲ್ಲಿ ಅದು ದುಂಡಗಿದೆ, ಅದರ ಮೇಲೊಂದು ಕೋಳಿ ಕೂತಿದೆ. ಮಹೀಂದ್ರದವರು ದಶಕಗಟ್ಟಲೆ ಮಾಡಿದ ಎತ್ತರದ ಬಾನೆಟ್ಟಿನ ಜೀಪಿಗೆ ಇಷ್ಟು ಕಷ್ಟ ಬೇಕಿಲ್ಲ. ಒಳಗಿನ ಎಂಜಿನ್ ಎತ್ತರವಾಯಿತೆಂದು ಬಾನೆಟ್ಟನ್ನೇ ಎತ್ತರಿಸಿದ ಆ ಹಣೆಯನ್ನು ಫರ್ಲಾಂಗು ದೂರದಿಂದ ಗುರುತಿಸಬಹುದು.

ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೊಂದು ಬಗೆ. ಇಟಲಿಯ ಮಿಕೆಲೊಟ್ಟಿ ಎಳೆದ ಚೂಪು ಗೆರೆಗಳು. ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ವಿನ್ಯಾಸ. ಹಾಗಾಗಿ ಕಳಚಿದಾಗಲೂ ಮೂತಿ ಇಡಿಯಾಗಿಯೇ ಹೋಗುತ್ತದೆ. ಮುಂದಿನ ಗಾಜಿನ ಚೌಕಟ್ಟಿನ ತನಕ ಮೈಯಿದ್ದು ಅಲ್ಲಿಂದಾಚೆ ಬರೀ ಚಾಸಿ ಚಾಚಿಕೊಂಡಿದ್ದರೆ ನಾನು ಮೊದಲು ಅನುಮಾನಪಡುವುದು ಹೆರಾಲ್ಡನ್ನೇ.

ಫಿಯಟ್ 1100ರದ್ದು ಮಾತ್ರ ಬಾಗಿಲಿನ ಕಥೆ. ಬಾಗಿಲೇ ಹೋಗಿದ್ದರೂ ನಡುಗಂಬವನ್ನು ಹಿಗ್ಗಿಸಿ ನೋಡಿ. ಹಳೆಯ ಮಾದರಿಯಲ್ಲಿ ಮುಂದಿನ ಬಾಗಿಲು, ಹಿಂದಿನ ಬಾಗಿಲು ಎರಡರ ಕೀಲೂ ಅದೊಂದೇ ಕಂಬಕ್ಕೆ. ಎರಡೂ ತೆರೆದರೆ ಕಾರು ಚಿಟ್ಟೆಯಂತೆ ನಿಲ್ಲುತ್ತಿತ್ತು. ಆಮೇಲೆ ಮುಂದಿನ ಬಾಗಿಲಿನ ಕೀಲು ಮುಂದಿನ ಕಂಬಕ್ಕೆ ಸರಿಯಿತು. 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆದದ್ದು ಆ ಎರಡನೆಯ ಬಗೆ. ಕಂಬದ ಮೇಲಿನ ನಾಲ್ಕು ತೂತು ಇಷ್ಟನ್ನೂ ಹೇಳುತ್ತವೆ.

ನಾಲ್ಕನೇ ದಿನ ಅಳಿಯನ ಚಿತ್ರ ಬಂತು. ಕತ್ತಿ ಹಿಡಿದು ಲಂಟಾನ ಸವರಿದ್ದಾನೆ. ಮೂಲೆಯಲ್ಲಿ ಅವನ ಗೀರುಬಿದ್ದ ಮೊಣಕೈಯೂ ಕಾಣುತ್ತದೆ. ಬೆಳಗಿನ ಓರೆಬಿಸಿಲು ತಗಡಿನ ಮೇಲೆ ಹಾದು, ಮಾಡಿನಿಂದ ಡಿಕ್ಕಿಗೆ, ಡಿಕ್ಕಿಯಿಂದ ನೆಲದ ಕಡೆಗೆ ಒಂದೇ ಉಸಿರಿಗೆ ಇಳಿದಿದೆ. ಎಲ್ಲೂ ರೆಕ್ಕೆಯಿಲ್ಲ. ದೀಪ ಇದ್ದ ತೂತಿನಿಂದ ಒಣಹುಲ್ಲು ಇಣುಕುತ್ತಿದೆ.

‘ಗೂಡಿದೆ ಮಾವ, ಮರಿಗಳಿವೆ. ಅದಕ್ಕೇ ಪೂರ್ತಿ ಸವರಲಿಲ್ಲ’ ಎಂದು ಬರೆದಿದ್ದ.

‘ಲ್ಯಾಂಡ್‌ಮಾಸ್ಟರ್ ಕಣೋ’ ಎಂದು ಬರೆದೆ.